ದೀಪದ ಸುತ್ತಲಿನ ಬಳೆ



ಕಾರ್ತಿಕ ಮಾಸವು ಕಾಲಿಟ್ಟೊಡನೆ ನಮ್ಮ ಕೂಡ್ಲಿಗಿ, ಕೊಟ್ಟೂರು ಸೀಮೆಯ ಮನೆಗಳಲ್ಲಿ ಎಣ್ಣೆಯ ಲೆಕ್ಕವೇ ಬೇರೆಯಾಗುತ್ತದೆ. ಒಲೆಯ ಬಳಿಯ ಎಣ್ಣೆ ಅಡುಗೆಗೆ, ಜಗುಲಿಯ ಮೇಲಿನ ಎಣ್ಣೆ ದೀಪಕ್ಕೆ. ಅಡುಗೆಯದು ಮುಗಿದರೆ ಒಂದು ಹೊತ್ತು ಒಗ್ಗರಣೆಯಿಲ್ಲದ ಸಾರನ್ನು ಉಂಡೇವು, ಆದರೆ ದೀಪದ ಎಣ್ಣೆಗೆ ಕೈಹಾಕಬಾರದೆಂಬ ಕಟ್ಟಳೆ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಹೊಲದ ಶೇಂಗಾ ಮನೆ ಸೇರಿರುತ್ತದೆ, ಹಿಂಗಾರಿನ ಜೋಳ ಎದೆಯೆತ್ತರಕ್ಕೆ ಬರುತ್ತಿರುತ್ತದೆ, ಸಂಜೆ ಬಹುಬೇಗ ಕವಿಯುತ್ತದೆ. ನಮ್ಮ ಭಾಗದಲ್ಲಿ ಡಿಸೆಂಬರ್ 21-22ರ ಹೊತ್ತಿಗೆ ಹಗಲು ಸುಮಾರು 11 ಗಂಟೆ 15 ನಿಮಿಷಕ್ಕೆ ಇಳಿಯುತ್ತದೆ. ಕಾರ್ತಿಕವು ಕತ್ತಲೆ ದಿನದಿನಕ್ಕೆ ಬೆಳೆಯುವ ಕಾಲ. ಕತ್ತಲೆ ಬೆಳೆಯುವ ಕಾಲದಲ್ಲಿಯೇ ನಮ್ಮ ಹಿರಿಯರು ದೀಪದ ಹಬ್ಬವನ್ನು ಇಟ್ಟರು. ಹಗಲು ತಾನಾಗಿಯೇ ಹಿಗ್ಗುವ ಕಾಲಕ್ಕೆ ದೀಪದ ಮಾತನ್ನು ಯಾರು ಕೇಳಿಯಾರು?

ಕೊಟ್ಟೂರಿನ ಗುರುಬಸವೇಶ್ವರರ ಕಾರ್ತಿಕೋತ್ಸವವನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಹಿರೇಮಠ, ತೊಟ್ಟಿಲು ಮಠ, ಮೂರ್ಕಲ್ ಮಠ, ಸ್ವಾಮಿಯ ಸಮಾಧಿಯಿರುವ ಗಚ್ಚಿನ ಮಠ, ಹೀಗೆ ಮಠದಿಂದ ಮಠಕ್ಕೆ ನಡೆಯುವ ಭಕ್ತರ ಕೈಯಲ್ಲಿ ಎಣ್ಣೆ, ಬತ್ತಿ, ಪ್ರಣತಿ. ಕೊಟ್ಟೂರೇಶ್ವರ, ಹರಪನಹಳ್ಳಿಯ ಕೆಂಪಯ್ಯ, ಅರಸೀಕೆರೆಯ ಕೋಲಶಾಂತೇಶ್ವರ, ಕೂಲಹಳ್ಳಿಯ ಮದ್ದಾನಸ್ವಾಮಿ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಈ ಐವರನ್ನು ಪಂಚಗಣಾಧೀಶ್ವರರೆಂದು ನೆನೆಯುವ ಸೀಮೆ ನಮ್ಮದು. 2021ರಿಂದ ವಿಜಯನಗರ ಜಿಲ್ಲೆಯೆಂಬ ಹೊಸ ಹೆಸರಿನೊಳಗೆ ಸೇರಿದ್ದರೂ ನಮ್ಮ ಮನೆಗಳ ಹೆಸರುಗಳು ಬದಲಾಗಿಲ್ಲ. ಮನೆಗೊಬ್ಬ ಕೊಟ್ರೇಶ, ಓಣಿಗೊಬ್ಬ ಕೊಟ್ರಮ್ಮ ಇದ್ದೇ ಇರುತ್ತಾರೆ.

ಪ್ರತಿ ಕಾರ್ತಿಕದಲ್ಲಿಯೂ ನನ್ನ ಮನಸ್ಸಿಗೆ ಬರುವುದು ಅಲ್ಲಮಪ್ರಭುದೇವರ ಒಂದು ವಚನ. ಎಣ್ಣೆ ಒಂದು ವಸ್ತು, ಬತ್ತಿ ಮತ್ತೊಂದು ವಸ್ತು. ಎರಡರ ಕೂಟದಿಂದ ಸೊಡರು ಹುಟ್ಟಿತೆಂದು ಪ್ರಭುಗಳು ಆರಂಭಿಸುತ್ತಾರೆ. ಹಾಗೆಯೇ ಪುಣ್ಯವೂ ಪಾಪವೂ ಬೇರೆಬೇರೆಯಾಗಿದ್ದು, ಅವುಗಳ ಕೂಟದಿಂದ ಈ ದೇಹವಾಯಿತೆನ್ನುತ್ತಾರೆ. ದೇಹದ ಬೇಡಿಕೆಯನ್ನು ಸಲ್ಲಿಸದೆ ಒಂದು ಕ್ಷಣವೂ ಇರಲಾಗದೆಂಬುದನ್ನು ಮರೆಮಾಚದೆ ಒಪ್ಪುತ್ತಾರೆ. ಕೊನೆಯಲ್ಲಿ, ಈ ಜ್ಯೋತಿಯು ಗಾಳಿಯಲ್ಲಿ ಬೆರೆತುಹೋಗುವುದಕ್ಕೆ ಮುನ್ನ ಭಕ್ತಿಯನ್ನು ಮಾಡಬಲ್ಲವನೇ ದೇವನೆಂದು ಮುಗಿಸುತ್ತಾರೆ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನಾನು, ನಮ್ಮೂರಿನ ಬಸವಣ್ಣನ ಗುಡಿಯಲ್ಲಿ ಕಾರ್ತಿಕದ ಸೋಮವಾರಗಳಂದು ಈ ವಚನವನ್ನು ಎಷ್ಟು ಬಾರಿ ವಿವರಿಸಿದ್ದೆನೋ ಲೆಕ್ಕವಿಲ್ಲ. ವಿವರಿಸಿದ್ದೆನೇ ಹೊರತು ಅರಿತಿರಲಿಲ್ಲ. ಅರಿವು ಬಂದ ಬಗೆಯನ್ನು ಇಂದು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕೆಂದಿದ್ದೇನೆ. ಇದು ನನ್ನ ತಪ್ಪಿನ ಕಥೆ. ತಮಗೆ ಪ್ರಯೋಜನವಾದೀತೆಂಬ ಒಂದೇ ಕಾರಣಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅವ್ವ ಓದು ಬರಹ ಕಲಿತವಳಲ್ಲ. ಆದರೆ ಅವಳ ದಿನಚರಿಯಲ್ಲಿ ಒಂದು ಅಚ್ಚುಕಟ್ಟು ಇತ್ತು. ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕುಳಿತರೆ ಕಾಲು ಗಂಟೆ ಅಲುಗಾಡುತ್ತಿರಲಿಲ್ಲ. ಅವಳ ಹಿಂದೆ, ಸ್ವಲ್ಪ ಪಕ್ಕಕ್ಕೆ, ಒಂದು ದೀಪ. ಇಷ್ಟಲಿಂಗದ ಕರಿಯ ಕಂತಿಯ ಮೇಲೆ ಆ ದೀಪದ ಬೆಳಕು ಒಂದು ಚುಕ್ಕಿಯಾಗಿ ಮೂಡುತ್ತದೆ. ದೃಷ್ಟಿ ನಿಲ್ಲಬೇಕಾದದ್ದು ಆ ಚುಕ್ಕಿಯಲ್ಲಿ. ಅವ್ವನಿಗೆ ಇದನ್ನು ಕಲಿಸಿದವಳು ಅವಳ ತಾಯಿ. ಸಂಜೆಯ ಪೂಜೆಗೂ ಇದೇ ಕ್ರಮ. ಕಾರ್ತಿಕ ಬಂತೆಂದರೆ ತಿಂಗಳು ಪೂರ್ತಿ ತಾನೇ ಬತ್ತಿ ಹೊಸೆದು, ಹೊಸ್ತಿಲ ಎರಡು ಬದಿಗೆ, ತುಳಸಿಕಟ್ಟೆಗೆ, ಹಗೇವಿನ ಬಾಯಿಗೆ, ದನದ ಕೊಟ್ಟಿಗೆಗೆ ದೀಪವಿಡುತ್ತಿದ್ದಳು. ಕೊಟ್ಟಿಗೆಗೇಕೆ ದೀಪವೆಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ಅವೇನು ಕತ್ತಲಾಗ ಇರಬೇಕಾ?" ಎಂದಿದ್ದಳು.

2009ರ ಕಾರ್ತಿಕದ ಒಂದು ಸಂಜೆ. ದೇವರ ಮನೆಯಲ್ಲಿ ಪೂಜೆ ಮುಗಿಸಿ ಬಹಳ ಹೊತ್ತು ದೀಪವನ್ನೇ ನೋಡುತ್ತ ಕುಳಿತಿದ್ದ ಅವ್ವ ನನ್ನನ್ನು ಕರೆದಳು. ಆಗ ಅವಳಿಗೆ 61 ವರ್ಷ.

"ಯಪ್ಪಾ, ದೀಪದ ಸುತ್ತ ಬಳಿ ಕಾಣ್ತತಿ ನೋಡು. ಕಾಮನಬಿಲ್ಲಿನಂಗ. ನಿನಗೂ ಕಾಣ್ತತೇನು?"

ನನಗೆ ಕಾಣಲಿಲ್ಲ. ಬರೀ ದೀಪ ಕಂಡಿತು. ಹಾಗೆಂದೆ.

"ನನಗ ಒಂದೊಂದು ಸಂಜಿ ಕಾಣ್ತತಪ. ಕೊಟ್ರಯ್ಯನ ಕೃಪಾ ಇರಬೇಕು," ಎಂದು ನಕ್ಕು, ಸೆರಗಿನಿಂದ ಹಣೆಯನ್ನು ಒತ್ತಿಕೊಂಡಳು.

ಬಂಧುಗಳೇ, ಆ ಮಾತು ನನ್ನನ್ನು ಪುಳಕಗೊಳಿಸಿತು. ನಲವತ್ತು ವರ್ಷ ತಪ್ಪದೆ ಲಿಂಗದೃಷ್ಟಿಯನ್ನು ಸಾಧಿಸಿದ ಜೀವಕ್ಕೆ ಸಾಮಾನ್ಯರ ಕಣ್ಣಿಗೆ ಕಾಣದ ಪ್ರಭೆ ಕಂಡಿದೆಯೆಂದು ತಿಳಿದೆ. ಮರುಸೋಮವಾರ ಗುಡಿಯಲ್ಲಿ ಅಲ್ಲಮರ ಅದೇ ವಚನವನ್ನು ಎತ್ತಿಕೊಂಡು, ಎಣ್ಣೆ ಬತ್ತಿಗಳ ಆಚೆಗಿನ ಜ್ಯೋತಿಯನ್ನು ಕಾಣಲು ಓದು ಬೇಕಿಲ್ಲ, ನಿಷ್ಠೆ ಬೇಕು ಎಂದು ಹೇಳಿ, ಅವ್ವನ ಮಾತನ್ನು ಉದಾಹರಿಸಿದೆ. ಕೇಳುತ್ತಿದ್ದವರು ಕೈಮುಗಿದರು. ಕೆಲವು ತಾಯಂದಿರು ಕಣ್ಣೊರೆಸಿಕೊಂಡರು. ಗುಡಿಯಿಂದ ಹೊರಬರುವಾಗ ಇಬ್ಬರು ಅವ್ವನ ಕಾಲಿಗೂ ನಮಸ್ಕರಿಸಿದರು. ಅವಳು ಸಂಕೋಚದಿಂದ ಹಿಂದೆ ಸರಿದದ್ದು ನೆನಪಿದೆ. ಮುಂದಿನ ವರ್ಷದ ಕಾರ್ತಿಕದಲ್ಲಿಯೂ ನಾನು ಅದೇ ಉದಾಹರಣೆಯನ್ನು ಕೊಟ್ಟೆ. ಚೆನ್ನಾಗಿ ಒಪ್ಪಿದ ಮಾತನ್ನು ಭಾಷಣಕಾರನು ಬೇಗ ಬಿಡುವುದಿಲ್ಲ.

ಈ ನಡುವೆ ಮನೆಯಲ್ಲಿ ಸಣ್ಣಪುಟ್ಟ ಬದಲಾವಣೆಗಳಾಗುತ್ತಿದ್ದವು. ಸಂಜೆಯಾದರೆ ಅವ್ವನಿಗೆ ತಲೆನೋವು. ಹಣೆಗೆ ಸುಂಠಿ ತೇಯ್ದು ಹಚ್ಚಿಕೊಂಡು ಬೇಗ ಮಲಗುವಳು, ಬೆಳಗ್ಗೆ ಏಳುವಾಗ ನೋವು ಇರುತ್ತಿರಲಿಲ್ಲ. ದೀಪಕ್ಕೆ ಎರೆಯುವ ಎಣ್ಣೆ ಜಗುಲಿಯ ಮೇಲೆ ಚೆಲ್ಲತೊಡಗಿತು. "ಎಣ್ಣಿ ಎಷ್ಟು ತುಟ್ಟಿ ಆಗೇತಿ, ಸ್ವಲ್ಪ ನೋಡಿ ಹಾಕಬಾರದೇನವ್ವಾ?" ಎಂದು ನಾನೇ ಒಂದೆರಡು ಬಾರಿ ಗದರಿದ್ದೆ. ನೋಡಿ ಹಾಕಬೇಕೆಂದು ಹೇಳಿದ್ದೆ! ಅವಳು ಏನೂ ಹೇಳದೆ ಬಟ್ಟೆಯಿಂದ ಒರೆಸಿದ್ದಳು.

ಮೊದಲು ಗಮನಿಸಿದವಳು ನನ್ನ ಮಡದಿ. "ಅತ್ತಿಯಾರು ಅಕ್ಕಿ ಹಸನ ಮಾಡೋದು ಬಿಟ್ಟಾರ್ರೀ, ಹರಳು ಹಂಗ ಉಳೀತಾವ," ಎಂದಳು. ವಯಸ್ಸಾಯಿತು, ಬಿಡು ಎಂದೆ. ಮತ್ತೊಮ್ಮೆ, ಅವ್ವ ನಡುಮನೆಯ ಕಂಬಕ್ಕೆ ಬಲಭುಜವನ್ನು ತಾಗಿಸಿಕೊಂಡಳೆಂದು ಹೇಳಿದಳು. ಅವಸರದ ಸ್ವಭಾವ ಎಂದೆ. ನನ್ನ ಬಳಿ ಪ್ರತಿಯೊಂದಕ್ಕೂ ಉತ್ತರವಿತ್ತು. ಉತ್ತರ ಇದ್ದವನು ತಿರುಗಿ ನೋಡುವುದಿಲ್ಲ.

2012ರ ಸಂಕ್ರಾಂತಿಯ ಬೆಳಗ್ಗೆ ಅವ್ವ ಎಳ್ಳು-ಬೆಲ್ಲದ ತಟ್ಟೆಯನ್ನು ಹಿಡಿದು ಪಡಸಾಲೆಗೆ ಬಂದಳು. ನಾನು ಅವಳ ಬಲಕ್ಕೆ, ಎರಡು ಮಾರು ದೂರದಲ್ಲಿ ನಿಂತಿದ್ದೆ. ಎದುರಿನ ಗೋಡೆಯ ಗೂಟಕ್ಕೆ ನನ್ನ ಬಿಳಿಯ ಅಂಗಿಯನ್ನು ತೂಗುಹಾಕಿತ್ತು. ಅವ್ವ ನೇರವಾಗಿ ಅಂಗಿಯ ಬಳಿಗೆ ಹೋಗಿ, ಒಂದು ಚಿಟಿಕೆ ಎಳ್ಳು-ಬೆಲ್ಲವನ್ನು ಅದರ ಮುಂದೆ ಹಿಡಿದು, "ತಗಾ ಯಪ್ಪಾ, ಒಳ್ಳೇದು ಮಾತಾಡು," ಎಂದಳು.

ನಾನು ನಿಂತಲ್ಲಿಯೇ ನಿಂತೆ. ಅವಳ ಕೈ ಸ್ವಲ್ಪ ಹೊತ್ತು ಹಾಗೆಯೇ ಚಾಚಿಕೊಂಡಿತ್ತು. ಆಮೇಲೆ ಬೆರಳಿಗೆ ಬಟ್ಟೆ ತಾಗಿ, ಅಂಗಿಯೆಂದು ತಿಳಿದು, ಯಾರಾದರೂ ಕಂಡರೇನೋ ಎಂಬಂತೆ ಮೆಲ್ಲಗೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆ ಕೈ ಹಿಂದೆ ಸರಿದ ರೀತಿಯನ್ನು ನಾನು ಈವರೆಗೆ ಮರೆತಿಲ್ಲ. ತನಗೆ ಕಾಣುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ನಮ್ಮಿಂದ ಅದನ್ನು ಬಚ್ಚಿಟ್ಟಿದ್ದಳು.

ಏಕೆ ಬಚ್ಚಿಟ್ಟೆಯೆಂದು ಕೇಳಿದಾಗ ಅವಳು ಕೊಟ್ಟ ಕಾರಣವನ್ನು ಕೇಳಿರಿ. ನಮ್ಮ ಅಜ್ಜಿಗೆ, ಎಂದರೆ ಅವ್ವನ ತಾಯಿಗೆ, ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಗ ಡಾ. ಎಂ.ಸಿ. ಮೋದಿಯವರ ನೇತ್ರ ಶಿಬಿರದಲ್ಲಿ ಶಸ್ತ್ರಚಿಕಿತ್ಸೆಯಾಗಿ ಅಜ್ಜಿಗೆ ಮತ್ತೆ ದೃಷ್ಟಿ ಬಂತು. ಬೀಳಗಿಯಲ್ಲಿ ಜನಿಸಿದ ಮೋದಿಯವರು ಊರೂರಿಗೆ ಶಿಬಿರಗಳನ್ನು ಒಯ್ದು, ಲಕ್ಷಾಂತರ ಬಡವರ ಕಣ್ಣಿನ ಪೊರೆ ತೆಗೆದವರು. 1968ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಪಡೆದವರು. 2005ರಲ್ಲಿ ನಮ್ಮನ್ನು ಅಗಲಿದವರು. ಪಟ್ಟಿ ಬಿಚ್ಚಿದ ದಿನ ಅಜ್ಜಿಯು ಎದುರಿಗೆ ನಿಂತಿದ್ದ ಮಗಳ ಮುಖವನ್ನು ಎರಡು ಕೈಗಳಲ್ಲಿ ಹಿಡಿದು ಅತ್ತದ್ದನ್ನು ಅವ್ವ ನಮಗೆ ನೂರು ಸಲ ಹೇಳಿದ್ದಳು. ಹೀಗಾಗಿ ಕಣ್ಣು ಮಂಜಾದರೆ ಅದು ಪೊರೆ, ಪೊರೆಯಾದರೆ ಎಂದಾದರೂ ತೆಗೆಸಬಹುದು, ಅವಸರವೇನು ಎಂಬುದು ಅವಳ ಲೆಕ್ಕ. "ನಿನ್ನ ಮಗಳ ಮದಿವಿ ಮುಗೀಲಿ, ಸಾಲ ತೀರ್ಲಿ, ಆಮೇಲೆ ಹೇಳಿದರಾತು ಅಂದ್ಕೊಂಡಿದ್ದೆ," ಎಂದಳು.

ನಾನೂ ಪೊರೆಯೆಂದೇ ತಿಳಿದು ಅವಳನ್ನು ದಾವಣಗೆರೆಗೆ ಕರೆದೊಯ್ದೆ. ಕಣ್ಣಿನ ವೈದ್ಯರು ಬಹಳ ಹೊತ್ತು ಪರೀಕ್ಷಿಸಿದರು. ಕಣ್ಣಿನ ಒತ್ತಡವನ್ನು ಅಳೆದರು. ಬಳಿಕ ಅವ್ವನನ್ನು ಒಂದೊಂದಾಗಿ ಪ್ರಶ್ನಿಸಿದರು. ಸಂಜೆ ತಲೆನೋವು ಬರುತ್ತಿತ್ತೇ? ಬರುತ್ತಿತ್ತು. ಮಲಗಿ ಎದ್ದರೆ ಕಡಿಮೆಯಾಗುತ್ತಿತ್ತೇ? ಆಗುತ್ತಿತ್ತು. ಮೂರನೆಯದಾಗಿ ಅವರು ಕೇಳಿದರು:

"ಯಾವಾಗಾದರೂ ದೀಪದ ಸುತ್ತ ಬಣ್ಣದ ಬಳೆ ಕಾಣಿಸಿತ್ತೇನಮ್ಮಾ?"

ಅವ್ವ ಉತ್ತರಿಸುವ ಮೊದಲು ನನ್ನ ಕಡೆಗೆ ಮುಖ ತಿರುಗಿಸಿದಳು. ನಾನೆಲ್ಲಿದ್ದೇನೆಂದು ಧ್ವನಿಯಿಂದ ತಿಳಿದು ತಿರುಗಿಸಿದ್ದಳು. "ಕಾಣ್ತಿತ್ರೀ," ಎಂದಳು.

ಆ ಕ್ಷಣದಲ್ಲಿ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅದು ಗ್ಲಾಕೋಮಾ ಎಂಬ ಕಾಯಿಲೆ. ವೈದ್ಯರು ತಾಳ್ಮೆಯಿಂದ ವಿವರಿಸಿದರು. ಕಣ್ಣಿನೊಳಗೆ ಒಂದು ತಿಳಿಯಾದ ದ್ರವ ಸದಾ ಹುಟ್ಟಿ ಸದಾ ಹೊರಹೋಗುತ್ತಿರುತ್ತದೆ. ಕೆಲವರಲ್ಲಿ ಹೊರಹೋಗುವ ದಾರಿ ಇಕ್ಕಟ್ಟಾಗಿರುತ್ತದೆ. ನಸುಗತ್ತಲಲ್ಲಿ ಪಾಪೆ ಹಿಗ್ಗಿದಾಗ ದಾರಿ ಇನ್ನಷ್ಟು ಮುಚ್ಚಿ ಒಳಗಿನ ಒತ್ತಡ ಏರುತ್ತದೆ. ಆಗ ಕಣ್ಣಿನ ಮುಂಭಾಗದ ಪಾರದರ್ಶಕ ಪರದೆ ನೀರು ತುಂಬಿ ಊದಿಕೊಂಡು, ದೀಪದ ಸುತ್ತ ಬಣ್ಣದ ಬಳೆಗಳು ತೋರುತ್ತವೆ, ತಲೆ ನೋಯುತ್ತದೆ. ನಿದ್ರೆಯಲ್ಲಿ ಪಾಪೆ ಕುಗ್ಗಿ ಒತ್ತಡ ಇಳಿಯುವುದರಿಂದ ಬೆಳಗ್ಗೆ ಏನೂ ಇರುವುದಿಲ್ಲ. ಹೀಗೆ ಮತ್ತೆ ಮತ್ತೆ ಆಗುತ್ತ ಹೋದರೆ ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸ್ವಲ್ಪಸ್ವಲ್ಪವಾಗಿ ಒಣಗುತ್ತದೆ. ಒಣಗಿದ ನರ ಮತ್ತೆ ಚಿಗುರುವುದಿಲ್ಲ. ಪೊರೆಯೆಂಬುದು ಕಿಟಕಿಗೆ ಹಿಡಿದ ಧೂಳಿದ್ದಂತೆ, ಒರೆಸಿದರೆ ಬೆಳಕು ಬರುತ್ತದೆ. ಇದು ಹಾಗಲ್ಲ. ಆರಂಭದಲ್ಲಿ ಬಂದಿದ್ದರೆ ಲೇಸರ್ ಕಿರಣದಿಂದ ಒಂದು ಸಣ್ಣ ರಂಧ್ರ ಮಾಡಿ, ದ್ರವಕ್ಕೆ ಬೇರೆ ದಾರಿ ಕೊಟ್ಟು ದೃಷ್ಟಿಯನ್ನು ಉಳಿಸಬಹುದಿತ್ತು. ಅವ್ವನ ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನಲ್ಲಿ ನಡುವಿನ ದೃಷ್ಟಿ ಮಾತ್ರ, ಕೊಳವೆಯೊಳಗಿಂದ ನೋಡಿದಷ್ಟು, ಉಳಿದಿತ್ತು. ಆ ಕಣ್ಣಿಗೆ ಲೇಸರ್ ಮಾಡಿ, ದಿನವೂ ಹಾಕಬೇಕಾದ ಹನಿಗಳನ್ನು ಬರೆದುಕೊಟ್ಟರು.

ಬಸ್ಸಿನಲ್ಲಿ ಹಿಂತಿರುಗುವಾಗ ನಾನು ಮಾತಾಡಲಿಲ್ಲ. ಅವ್ವನೇ ನನ್ನ ಮೊಣಕೈ ಹಿಡಿದು ಹೇಳಿದಳು: "ನಿನಗೇನು ಗೊತ್ತಿತ್ತು ಬಿಡು. ನನಗ ಗೊತ್ತಿರಲಿಲ್ಲ."

ಆದರೆ ನಾನು ಬಿಡಲಾರದೆ ಹೋದೆ. ಅವಳಿಗೆ ಗೊತ್ತಿರದಿದ್ದುದು ನಿಜ. ಓದಿದ ಮಗನಿಗೂ ಕಾಯಿಲೆಯ ಹೆಸರು ಗೊತ್ತಿರಬೇಕೆಂದಿಲ್ಲ. ಆದರೆ ನನಗೆ ಕಾಣದ ಒಂದು ವಸ್ತು ತಾಯಿಗೆ ಕಾಣುತ್ತಿದೆಯೆಂದು ಅವಳೇ ಹೇಳಿದಾಗ, ಇನ್ನೇನು ಆಗುತ್ತಿದೆ, ನೋವಿದೆಯೇ ಎಂದು ಒಂದು ಮಾತು ಕೇಳಲು ವೈದ್ಯಶಾಸ್ತ್ರ ಬೇಕಾಗಿರಲಿಲ್ಲ. ಅವಳು ಹಣೆಯನ್ನು ಒತ್ತಿಕೊಂಡದ್ದನ್ನು ನಾನು ಕಂಡಿದ್ದೆ. ಕಂಡೂ ಗಮನಿಸಲಿಲ್ಲ, ಏಕೆಂದರೆ ನನಗೆ ಬೇಕಾಗಿದ್ದುದು ಒಂದು ಉದಾಹರಣೆ. ಅವಳ ಮಾತನ್ನು ನಾನು ತಾಯಿಯ ಮಾತಾಗಿ ಕೇಳಲಿಲ್ಲ, ಪ್ರವಚನದ ಸಾಮಗ್ರಿಯಾಗಿ ಕೇಳಿದೆ. ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಹೇಳುತ್ತಿದ್ದವನ ಮನೆಯಲ್ಲಿಯೇ ಆ ಗಾದೆ ಮೂರು ವರ್ಷ ವಾಸವಾಗಿತ್ತು.

ಆ ದಿನಗಳಲ್ಲಿ ವಚನಗಳನ್ನು ಮತ್ತೆ ಓದತೊಡಗಿದೆ. ಬಸವಣ್ಣನವರ ಒಂದು ವಚನದಲ್ಲಿ ಯಾವುದರ ಬಲದಿಂದ ಯಾವುದು ಕೆಡುತ್ತದೆ ಎಂಬ ಒಂದು ಸಾಲುಪಟ್ಟಿಯಿದೆ. ಅರಿವು ಅಜ್ಞಾನವನ್ನು, ಬೆಳಕು ಕತ್ತಲೆಯನ್ನು, ಸತ್ಯ ಸುಳ್ಳನ್ನು, ಸ್ಪರ್ಶಮಣಿ ಕೀಳು ಲೋಹವನ್ನು, ಕೊನೆಗೆ ಶರಣರ ಅನುಭಾವವು ತಮ್ಮ ಭವವನ್ನು ಕೆಡಿಸುತ್ತದೆಯೆಂದು ಅಣ್ಣನವರು ಹೇಳುತ್ತಾರೆ. ಈ ಪಟ್ಟಿಯಲ್ಲಿ ಬೆಳಕಿನ ಒಂದು ಕಡೆ ಅರಿವಿದೆ, ಇನ್ನೊಂದು ಕಡೆ ಸತ್ಯವಿದೆ. ಅರಿವು ಮತ್ತು ಸತ್ಯಗಳ ನಡುವೆ ನಿಂತಾಗ ಮಾತ್ರ ಬೆಳಕು ಬೆಳಕಾಗಿರುತ್ತದೆ. ಅವೆರಡನ್ನೂ ಬಿಟ್ಟ ಬೆಳಕು ಬರಿಯ ಬಣ್ಣದ ಬಳೆ. ನೋಡಲು ಚೆಂದ, ಆದರೆ ಅದರ ಹಿಂದೆ ನರವೊಂದು ಸಾಯುತ್ತಿರುತ್ತದೆ.

ಅಲ್ಲಮರ ವಚನವೂ ಬೇರೆಯಾಗಿ ಕಾಣಿಸಿತು. ಇಷ್ಟು ವರ್ಷ ನಾನು ಅದರ ಆರಂಭವನ್ನು ಮಾತ್ರ ವಿವರಿಸುತ್ತಿದ್ದೆ, ಎಣ್ಣೆ ಬತ್ತಿಗಳ ರೂಪಕ ಕಾವ್ಯಮಯವಾಗಿದೆಯಷ್ಟೆ. ನಡುವಿನ ಮಾತನ್ನು, ದೇಹದ ಬೇಡಿಕೆಯನ್ನು ತಳ್ಳಿಹಾಕಿ ಇರಲಾಗದೆಂಬ ಮಾತನ್ನು, ವೈರಾಗ್ಯಕ್ಕೆ ಒಪ್ಪುವುದಿಲ್ಲವೆಂದು ಹಾರಿಸಿಬಿಡುತ್ತಿದ್ದೆ. ವಚನದ ಬೀಗದ ಕೈ ಇರುವುದು 'ಮುನ್ನ' ಎಂಬ ಒಂದು ಸಣ್ಣ ಪದದಲ್ಲಿ. ಗಾಳಿಯಲ್ಲಿ ಬೆರೆಯುವುದಕ್ಕೆ ಮುನ್ನ. ಆರಿಹೋದ ಮೇಲೆ ಅಲ್ಲ. ಅಜ್ಜಿಯ ಕಣ್ಣಿನ ಕತ್ತಲೆಯಂತೆ ಎಂದು ಬೇಕಾದರೂ ಒರೆಸಬಹುದಾದ ಕತ್ತಲೆಯೂ ಲೋಕದಲ್ಲಿದೆ. ಅವ್ವನ ಕಣ್ಣಿನ ಕತ್ತಲೆಯಂತೆ, ಹೊತ್ತು ಮೀರಿದರೆ ಯಾವ ದೀಪದಿಂದಲೂ ಹೋಗದ ಕತ್ತಲೆಯೂ ಇದೆ. ನಮ್ಮ ಎದುರಿಗಿರುವುದು ಎರಡರಲ್ಲಿ ಯಾವುದೆಂದು ನಮಗೆ ಮೊದಲೇ ತಿಳಿಯುವುದಿಲ್ಲ. ಆದುದರಿಂದಲೇ ಪ್ರಭುಗಳು ಮುನ್ನ ಎಂದರು. ಬೆಳಕು ಕತ್ತಲೆಯನ್ನು ಗೆಲ್ಲುತ್ತದೆಂಬುದು ಸತ್ಯ. ಆದರೆ ದೀಪವನ್ನು ಹೊತ್ತಿಗೆ ಹಚ್ಚಿದರೆ ಗೆಲ್ಲುತ್ತದೆ.

2012ರ ಕಾರ್ತಿಕದ ಮೊದಲ ಸೋಮವಾರ ಬಸವಣ್ಣನ ಗುಡಿಯಲ್ಲಿ ಇದನ್ನೆಲ್ಲ ಹೇಳಿದೆ. ಎರಡು ವರ್ಷ ತಮಗೆ ಹೇಳಿದ ಉದಾಹರಣೆ ತಪ್ಪು, ಅದು ದರ್ಶನವಲ್ಲ, ಕಾಯಿಲೆ ಎಂದೆ. ಅವ್ವ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಳು. ಗುಡಿ ಬಹಳ ಹೊತ್ತು ಮೌನವಾಗಿತ್ತು. ಆಮೇಲೆ ಹಿರಿಯರೊಬ್ಬರು ಎದ್ದು ನನ್ನನ್ನು ಸಂತೈಸುವ ದೃಷ್ಟಿಯಿಂದ ಪುರಾತನರ ದೀಪದ ಕಲಿಯಾರನ ಕಥೆಯನ್ನು ನೆನಪಿಸಿದರು. ಎಣ್ಣೆಯ ವ್ಯಾಪಾರದ ಕಲಿಯಾರನು ಶಿವನ ಗುಡಿಗೆ ದೀಪ ಹಚ್ಚುವ ನೇಮವನ್ನು ಹಿಡಿದು, ಬಡತನ ಬಂದಾಗ ಕೂಲಿ ಮಾಡಿ ಎಣ್ಣೆ ತಂದು, ಅದೂ ಸಿಗದಾದಾಗ ತನ್ನ ರಕ್ತವನ್ನೇ ಎಣ್ಣೆಯಾಗಿ ಎರೆಯಲು ಹೊರಟವನು. "ನಿಮ್ಮ ತಾಯಿನೂ ತನ್ನ ಕಣ್ಣನ್ನ ದೀಪಕ್ಕ ಎಣ್ಣಿಯಾಗಿ ಎರೆದಳು ಅಂತ ತಿಳಕೊಳ್ರಿ ಮೇಷ್ಟ್ರೇ," ಎಂದರು.

ಎಷ್ಟು ಸುಂದರವಾದ ಮಾತು! ಒಂದು ಕ್ಷಣ ಅದರೊಳಗೆ ಅಡಗಿಕೊಳ್ಳಬೇಕೆನ್ನಿಸಿತು. ಆದರೆ ಅದೂ ಇನ್ನೊಂದು ಬಣ್ಣದ ಬಳೆಯೇ ಆಗುತ್ತಿತ್ತು. ನಾನು ಅವರಿಗೆ ಕೈಮುಗಿದು ಹೇಳಿದೆ: ಅಪ್ಪಾವರೇ, ಆ ಕಥೆಯಲ್ಲಿ ಶಿವನು ಕಲಿಯಾರನ ಕೈ ಹಿಡಿದು ತಡೆದನು. ರಕ್ತದ ದೀಪ ಶಿವನಿಗೆ ಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ತಡೆಯಬೇಕಾಗಿದ್ದ ಕೈ ನನ್ನದು. ನಾನು ಅದನ್ನು ಎತ್ತಲಿಲ್ಲ.

ಅಂದು ಸಭೆ ಮುಗಿದ ಮೇಲೆ ನಡೆದದ್ದನ್ನು ಹೇಳಬೇಕು. ಮೂವರು ತಾಯಂದಿರು ಗುಡಿಯ ಕಟ್ಟೆಯ ಬಳಿ ನನಗಾಗಿ ಕಾದಿದ್ದರು. ಒಬ್ಬರಿಗೆ ಸಂಜೆ ಕಣ್ಣು ಮಂಜು, ಇನ್ನೊಬ್ಬರಿಗೆ ಸೂಜಿಗೆ ದಾರ ಪೋಣಿಸಲಾಗದು, ಮೂರನೆಯವರು ಮೆಲ್ಲಗೆ, "ಮೇಷ್ಟ್ರೇ, ನನಗೂ ಬಳಿ ಕಾಣ್ತತಿ. ನೀವು ಹೋದ ವರ್ಷ ಹೇಳಿದ್ದು ಕೇಳಿ ದೇವರ ಕೃಪಾ ಅಂತ ಸುಮ್ಮನಿದ್ದೆ," ಎಂದರು. ಬಂಧುಗಳೇ, ಆ ಮಾತು ನನ್ನನ್ನು ನಡುಗಿಸಿತು. ನನ್ನ ತಪ್ಪು ನನ್ನ ಮನೆಯ ಗೋಡೆಯೊಳಗೆ ಉಳಿದಿರಲಿಲ್ಲ. ಗುಡಿಯ ಧ್ವನಿವರ್ಧಕದಲ್ಲಿ ಅದನ್ನು ಊರಿಗೆ ಹಂಚಿದ್ದೆ. ಅದೇ ವಾರ ಮೂವರನ್ನೂ ಅವರ ಮಕ್ಕಳೊಂದಿಗೆ ದಾವಣಗೆರೆಗೆ ಕರೆದೊಯ್ದೆವು. ಇಬ್ಬರಿಗೆ ಇದ್ದುದು ಪೊರೆ, ಶಸ್ತ್ರಚಿಕಿತ್ಸೆಯಿಂದ ಸರಿಹೋಯಿತು. ಮೂರನೆಯವರಿಗೆ ಅವ್ವನದೇ ಕಾಯಿಲೆ, ಆದರೆ ಆರಂಭದಲ್ಲಿ ಸಿಕ್ಕಿತ್ತು. ಎರಡೂ ಕಣ್ಣಿಗೆ ಲೇಸರ್ ಆಯಿತು. ಆ ತಾಯಿ ಇಂದಿಗೂ ತಾನೇ ಅಕ್ಕಿ ಹಸನು ಮಾಡುತ್ತಾರೆ. ಅವರನ್ನು ಕಂಡಾಗಲೆಲ್ಲ ನನಗೆ ಸಂತೋಷ ಮತ್ತು ಭಯ ಎರಡೂ ಒಟ್ಟಿಗೆ ಆಗುತ್ತವೆ.

2017ರ ಫೆಬ್ರವರಿ 21ರಂದು ಕೊಟ್ಟೂರಿನ ರಥೋತ್ಸವದಲ್ಲಿ ತೇರು ವಾಲಿ ನೆಲಕ್ಕುರುಳಿದಾಗ ನಮ್ಮ ಸೀಮೆಯೆಲ್ಲ ಕಣ್ಣೀರಿಟ್ಟಿತು. ಮುಂದೆ ಹೊಸ ತೇರು ಸಿದ್ಧವಾಗಿ ಮತ್ತೆ ಎಳೆಯಲ್ಪಟ್ಟಿತು. ಅಂದು ಅನೇಕರು ಅಪಶಕುನದ ಮಾತಾಡುತ್ತಿದ್ದಾಗ ಅವ್ವ ಆಡಿದ್ದು ಒಂದೇ ಮಾತು: "ತೇರು ದೇವರದಾದ್ರೂ ಗಾಲಿ ಕಟ್ಟಿಗೀದು. ವರ್ಷಾ ವರ್ಷಾ ನೋಡಬೇಕಪ." ಭಕ್ತಿ ಮತ್ತು ಎಚ್ಚರ ಬೇರೆಬೇರೆಯಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ವ್ಯಾಖ್ಯಾನದಲ್ಲಿಯೂ ಓದಿಲ್ಲ.

ಉಳಿದ ಹತ್ತು ವರ್ಷಗಳನ್ನು ಅವ್ವ ಆ ಕೊಳವೆಯಷ್ಟು ದೃಷ್ಟಿಯಲ್ಲಿಯೇ ಕಳೆದಳು. ಹನಿ ಹಾಕುವ ಕೆಲಸ ನನ್ನದಾಯಿತು. ಬೆಳಗ್ಗೆ ಪೂಜೆಗೆ ಮುನ್ನ, ರಾತ್ರಿ ಮಲಗುವ ಮುನ್ನ. ಮೊದಮೊದಲು ಅದನ್ನು ಪ್ರಾಯಶ್ಚಿತ್ತವೆಂದು ಮಾಡುತ್ತಿದ್ದೆ. ಕ್ರಮೇಣ ಅದು ನನ್ನ ಪೂಜೆಯ ಒಂದು ಭಾಗವಾಯಿತು. ತಾಯಿಯ ಗಲ್ಲವನ್ನು ಎಡಗೈಯಲ್ಲಿ ಹಿಡಿದು, ಕೆಳರೆಪ್ಪೆಯನ್ನು ಮೆಲ್ಲಗೆ ಇಳಿಸಿ, ಒಂದು ಹನಿ ತಪ್ಪದೆ ಒಳಗೆ ಬೀಳುವಂತೆ ನೋಡುವಾಗ ನನ್ನ ದೃಷ್ಟಿ ಎಷ್ಟು ನಿಲ್ಲುತ್ತಿತ್ತೋ, ಅಷ್ಟು ಏಕಾಗ್ರತೆ ನನಗೆ ಅದಕ್ಕೆ ಮೊದಲು ಲಿಂಗಪೂಜೆಯಲ್ಲಿಯೂ ಒದಗಿರಲಿಲ್ಲ.

2020ರ ಕಾರ್ತಿಕದಲ್ಲಿ ಕೊರೊನಾ ಕಾರಣದಿಂದ ನಾವು ಕೊಟ್ಟೂರಿಗೆ ಹೋಗಲಿಲ್ಲ. ಮನೆಯಲ್ಲಿಯೇ ದೀಪವಿಟ್ಟೆವು. ಅಷ್ಟು ಹೊತ್ತಿಗೆ ಎಡಗಣ್ಣಿನ ದೃಷ್ಟಿಯೂ ಕ್ಷೀಣಿಸಿತ್ತು. ಆದರೂ ದೀಪಕ್ಕೆ ಎಣ್ಣೆ ತಾನೇ ಎರೆಯಬೇಕೆಂಬ ಹಠ. ಅವ್ವ ಎಡಗೈಯ ತೋರುಬೆರಳನ್ನು ಪ್ರಣತಿಯ ಅಂಚಿನ ಒಳಗಿಟ್ಟು, ಬಲಗೈಯಿಂದ ಎರೆಯುವಳು. ಎಣ್ಣೆ ಬೆರಳ ತು೦ದಿಗೆ ತಾಗಿದೊಡನೆ ನಿಲ್ಲಿಸುವಳು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಬತ್ತಿಯನ್ನು ಹಚ್ಚುವುದು ನನ್ನ ಕೆಲಸ. ಎಣ್ಣೆ ಅವಳದು, ಬೆಂಕಿ ನನ್ನದು. ಅಂದು ಸಂಜೆ ಅವಳು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದಾಗ, ಕಂತಿಯ ಮೇಲಿನ ಬೆಳಕಿನ ಚುಕ್ಕಿ ಅವಳಿಗೆ ಕಾಣಲಾರದೆಂದು ನೆನೆದು ನನ್ನ ಗಂಟಲು ಕಟ್ಟಿತು. ಕೇಳಿಯೇಬಿಟ್ಟೆ: "ಅವ್ವಾ, ಈಗ ಏನು ಕಾಣ್ತತಿ?"

"ಕಾಣೂದು ಏನಿಲ್ಲಪ. ಅಂಗೈಯಾಗ ಭಾರ ಐತಲ್ಲ, ಅಷ್ಟು ಸಾಕು," ಎಂದಳು.

ಇದನ್ನು ನಾನು ದೊಡ್ಡ ಅನುಭಾವವೆಂದು ವ್ಯಾಖ್ಯಾನಿಸಲು ಹೊರಡುವುದಿಲ್ಲ. ಒಮ್ಮೆ ಹಾಗೆ ಮಾಡಿ ತಪ್ಪಿದ್ದೇನೆ. ಅವಳು ಹೇಳಿದ್ದನ್ನು ಹೇಳಿದಂತೆಯೇ ತಮ್ಮ ಮುಂದಿಟ್ಟಿದ್ದೇನೆ. ಎಳ್ಳಿನೊಳಗೆ ಎಣ್ಣೆ ಮರೆಯಾಗಿರುವ ಹೋಲಿಕೆಯನ್ನು ಅಕ್ಕಮಹಾದೇವಿಯವರು ಕೊಡುತ್ತಾರೆ. ಎಣ್ಣೆ ಇರುವುದು ನಿಜವಾದರೂ ಗಾಣಕ್ಕೆ ಹಾಕಿ ತಿರುಗಿಸುವವರು ಬೇಕು, ಆಗಲೇ ಅದು ದೀಪಕ್ಕೆ ಒದಗುವುದು. ನನ್ನ ಪಾಲಿಗೆ ಆ ಗಾಣ ಅವ್ವನ ಕಣ್ಣಾಯಿತು. ಹಾಗಾಗಬಾರದಿತ್ತು, ಆಯಿತು.

2022ರಲ್ಲಿ ಅವ್ವ ಲಿಂಗೈಕ್ಯಳಾದಳು. ಈಗ ಕಾರ್ತಿಕದಲ್ಲಿ ಎಣ್ಣೆ ಎರೆಯುವವನೂ ನಾನೇ, ಬತ್ತಿ ಹಚ್ಚುವವನೂ ನಾನೇ. ಕಣ್ಣು ಕಾಣುತ್ತಿದ್ದರೂ ಪ್ರಣತಿಯ ಅಂಚಿನೊಳಗೆ ಬೆರಳಿಟ್ಟೇ ಎರೆಯುವುದು ನನಗೆ ರೂಢಿಯಾಗಿದೆ. ಕೊಟ್ಟಿಗೆಯಲ್ಲಿ ದನಗಳಿಲ್ಲ, ಆದರೂ ಅಲ್ಲಿಗೊಂದು ದೀಪವಿಡುತ್ತೇನೆ. ಇದೇ ಕಾಯಿಲೆ ವಂಶದಲ್ಲಿ ಹರಿಯಬಹುದೆಂದು ವೈದ್ಯರು ಹೇಳಿದ್ದರಿಂದ ವರ್ಷಕ್ಕೊಮ್ಮೆ ನಾನೂ ನನ್ನ ಮಗಳೂ ಕಣ್ಣಿನ ಒತ್ತಡವನ್ನು ಪರೀಕ್ಷಿಸಿಕೊಳ್ಳುತ್ತೇವೆ. ಅದನ್ನು ಕಾರ್ತಿಕ ಆರಂಭವಾಗುವ ಮುನ್ನವೇ ಮುಗಿಸುತ್ತೇವೆ. ನಮ್ಮ ಮನೆಯ ಕಾರ್ತಿಕದ ಮೊದಲ ದೀಪ ಅದೇ.

ಸದ್ಭಕ್ತರಲ್ಲಿ ನನ್ನದೊಂದು ವಿನಂತಿ. ಈ ಕಾರ್ತಿಕದಲ್ಲಿ ದೀಪ ಹಚ್ಚಿದ ಮೇಲೆ ತಕ್ಷಣ ಎದ್ದು ಹೋಗಬೇಡಿರಿ. ಮನೆಯ ಹಿರಿಯರ ಪಕ್ಕದಲ್ಲಿ ಐದು ನಿಮಿಷ ಕುಳಿತು, ದೀಪ ಹೇಗೆ ಕಾಣುತ್ತಿದೆಯೆಂದು ಕೇಳಿರಿ. ಮಂಜೆಂದರೆ, ಬಳೆಯೆಂದರೆ, ಸಂಜೆ ತಲೆನೋವೆಂದರೆ, ಆ ವಾರವೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಏನೂ ಇಲ್ಲವೆಂದರೆ ಒಳ್ಳೆಯದೇ ಆಯಿತು, ಐದು ನಿಮಿಷ ಹಿರಿಯರೊಡನೆ ಕುಳಿತ ಪುಣ್ಯ ತಮ್ಮದು. ಕಣ್ಣಿನ ಮಾತು ಮಾತ್ರವಲ್ಲ. ನಮ್ಮ ಪಕ್ಕದಲ್ಲಿಯೇ ಇದ್ದು, ನಮಗೆ ತೊಂದರೆಯಾಗಬಾರದೆಂದು ತಮ್ಮ ಕತ್ತಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿರುವ ಜೀವಗಳು ಪ್ರತಿ ಮನೆಯಲ್ಲಿಯೂ ಇವೆ. ಅವರನ್ನು ಕೇಳುವುದೇ ದೀಪ ಹಚ್ಚುವುದು. ಗಾಳಿ ಬೀಸುವುದಕ್ಕೆ ಮುನ್ನ ಕೇಳೋಣ.